ಮೊಬೈಲಿನಲ್ಲಿ ಮಿಂಚಿದ ಬಣ್ಣ ಮುದ್ರಣದಲ್ಲಿ ಮಂಕಾಗುವುದೇಕೆ?

ಮದುವೆ ಕರೆಯೋಲೆಯ ಡಿಸೈನ್ ವಾಟ್ಸ್‌ಆ್ಯಪ್‌ನಲ್ಲಿ ಬಂದಾಗ ಮನೆಮಂದಿಯೆಲ್ಲ ಮೆಚ್ಚಿ 'ಓಕೆ' ಅಂದಿರುತ್ತಾರೆ. ಐನೂರು ಕಾರ್ಡು ಅಚ್ಚಾಗಿ ಬಂದ ದಿನ ನೋಡಿದರೆ ಗಿಣಿಹಸಿರು ಸಪ್ಪೆಯಾಗಿದೆ, ಹೊಳೆಯುವ ನೀಲಿ ನೇರಳೆಗೆ ತಿರುಗಿದೆ. "ಪ್ರೆಸ್‌ನವರು ಅಗ್ಗದ ಇಂಕು ಹಾಕಿ ಮೋಸ ಮಾಡಿದರು" ಎಂದು ಜಗಳ ಶುರುವಾಗುತ್ತದೆ. ಕೆಟ್ಟ ಕೆಲಸ ಮಾಡುವವರು ಇಲ್ಲವೆಂದಲ್ಲ. ಆದರೆ ಎಷ್ಟೋ ಸಲ ತಪ್ಪು ಇಂಕಿನದ್ದಲ್ಲ, ಬೆಳಕಿನದ್ದು. ಹೇಗೆಂದು ನೋಡೋಣ.

ಪರದೆಯ ಬಣ್ಣ ಬೇರೆ, ಕಾಗದದ ಬಣ್ಣ ಬೇರೆ

ಮೊಬೈಲ್ ಪರದೆ ತಾನೇ ಬೆಳಕು ಚೆಲ್ಲುತ್ತದೆ. ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳನ್ನು ಕೂಡಿಸಿ ಎಲ್ಲ ಬಣ್ಣ ಮಾಡುತ್ತದೆ. ಇದೇ ಆರ್‌ಜಿಬಿ. ಒಂದೊಂದಕ್ಕೂ 0ಯಿಂದ 255ರವರೆಗೆ ಅಳತೆ. ಮೂರೂ 255 ಇದ್ದರೆ ಬಿಳಿ, ಮೂರೂ 0 ಆದರೆ ಕಪ್ಪು.

ಕಾಗದಕ್ಕೆ ಸ್ವಂತ ಬೆಳಕಿಲ್ಲ. ಅದರ ಮೇಲೆ ಬಿದ್ದ ಬೆಳಕಿನಲ್ಲಿ ಒಂದು ಪಾಲನ್ನು ಇಂಕು ನುಂಗುತ್ತದೆ, ಉಳಿದದ್ದು ನಮ್ಮ ಕಣ್ಣಿಗೆ ಬರುತ್ತದೆ. ಸಯಾನ್ ಇಂಕು ಕೆಂಪನ್ನು, ಮಜೆಂತಾ ಹಸಿರನ್ನು, ಹಳದಿ ನೀಲಿಯನ್ನು ನುಂಗುತ್ತವೆ. ಮೂರನ್ನೂ ಬೆರೆಸಿದರೆ ಲೆಕ್ಕದ ಪ್ರಕಾರ ಕಪ್ಪು ಬರಬೇಕು. ನಿಜವಾಗಿ ಬರುವುದು ಕೊಳಕು ಕಂದು. ಅದಕ್ಕೇ ನಾಲ್ಕನೆಯದಾಗಿ ಕಪ್ಪು ಇಂಕು. ಇದು ಸಿಎಂವೈಕೆ.

ಈ ನಾಲ್ಕು ಇಂಕುಗಳು ಎಷ್ಟೇ ಬೆರೆತರೂ ಪರದೆಯ ಕೆಲವು ಬಣ್ಣಗಳನ್ನು ಕೊಡಲಾರವು. ಅಚ್ಚ ನೀಲಿ (0, 0, 255), ಹೊಳೆಯುವ ಹಸಿರು, ಕಣ್ಣು ಕುಕ್ಕುವ ಕಿತ್ತಳೆ ಇದಕ್ಕೆ ಉದಾಹರಣೆ. ಆಗ ಸಾಫ್ಟ್‌ವೇರ್ ಹತ್ತಿರದ ಇನ್ನೊಂದು ಬಣ್ಣವನ್ನು ಆರಿಸುತ್ತದೆ. ಅದೇ ನಮಗೆ ಮಂಕಾಗಿ ಕಾಣುವುದು.

ಮೂರು ತಪ್ಪು ನಂಬಿಕೆಗಳು

"ಮುದ್ರಣಕ್ಕೆ ಯಾವಾಗಲೂ ಸಿಎಂವೈಕೆ ಫೈಲೇ ಬೇಕು." ಇಲ್ಲ. ಆಫ್‌ಸೆಟ್ ಪ್ರೆಸ್‌ಗೆ ಸಾಮಾನ್ಯವಾಗಿ ಬೇಕು. ಮನೆಯ ಇಂಕ್‌ಜೆಟ್ ಪ್ರಿಂಟರಿಗೂ ಬಹುತೇಕ ಫೋಟೋ ಲ್ಯಾಬ್‌ಗಳಿಗೂ ಆರ್‌ಜಿಬಿ ಫೈಲೇ ಸರಿ. ಬದಲಾವಣೆಯನ್ನು ಯಂತ್ರವೇ ಮಾಡಿಕೊಳ್ಳುತ್ತದೆ.

"ಬದಲಿಸಿದ್ದು ಸರಿಬರದಿದ್ದರೆ ಮತ್ತೆ ಆರ್‌ಜಿಬಿ ಮಾಡಿದರಾಯಿತು." ಕೊಡದ ನೀರನ್ನು ಚೊಂಬಿಗೆ ಸುರಿದ ಹಾಗೆ ಇದು, ಚೆಲ್ಲಿದ್ದು ವಾಪಸ್ ಬರುವುದಿಲ್ಲ. ಮೂಲ ಫೈಲನ್ನು ಯಾವಾಗಲೂ ಬೇರೆಯಾಗಿ ಉಳಿಸಿಕೊಳ್ಳಿ.

"ಆ್ಯಪ್‌ನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು." ನುಣುಪು ಕಾಗದ ಇಂಕನ್ನು ಮೇಲೆಯೇ ಹಿಡಿದಿಡುತ್ತದೆ, ಪತ್ರಿಕೆಯ ಕಾಗದ ಹೀರಿಕೊಳ್ಳುತ್ತದೆ. ಆದ್ದರಿಂದ ಒಂದೊಂದು ಕಾಗದಕ್ಕೆ ಒಂದೊಂದು ಲೆಕ್ಕ. ಇದನ್ನು ಕಲರ್ ಪ್ರೊಫೈಲ್ ಎನ್ನುತ್ತಾರೆ. ಯಾವ ಪ್ರೊಫೈಲ್ ಎಂದು ಪ್ರೆಸ್‌ನವರನ್ನೇ ಕೇಳಬೇಕು.

ಹಾಗಾದರೆ ಏನು ಮಾಡಬೇಕು?

ಕರೆಯೋಲೆ, ಪುಸ್ತಕದ ರಕ್ಷಾಪುಟದಂಥ ಕೆಲಸವಿದ್ದರೆ ಡಿಸೈನರ್‌ಗೆ ಮೊದಲೇ ಹೇಳಿ. ಅವರು ಇಂಕಿಗೆ ಸಿಗುವ ಬಣ್ಣಗಳನ್ನೇ ಬಳಸುತ್ತಾರೆ. ಚಿಕ್ಕ ಅಕ್ಷರಗಳು ಬರೀ ಕಪ್ಪು ಇಂಕಿನಲ್ಲಿರಲಿ. ಆರ್‌ಜಿಬಿ ಕಪ್ಪನ್ನು ಹಾಗೇ ಬದಲಿಸಿದರೆ ಸಾಮಾನ್ಯವಾಗಿ ನಾಲ್ಕೂ ಇಂಕು ಸೇರುತ್ತವೆ. ಅಚ್ಚು ಕೂದಲೆಳೆಯಷ್ಟು ಸರಿದರೂ ಒತ್ತಕ್ಷರಗಳ ಸುತ್ತ ಬಣ್ಣದ ನೆರಳು ಮೂಡುತ್ತದೆ.

ಫೋಟೋವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ 'ಡಾಕ್ಯುಮೆಂಟ್' ಆಗಿ ಕಳಿಸಿ. ಮಾಮೂಲಿಯಾಗಿ ಕಳಿಸಿದರೆ ಅದು ಕುಗ್ಗಿ ವಿವರ ಕಳೆದುಕೊಳ್ಳುತ್ತದೆ. ಮೊಬೈಲಿನ ಬ್ರೈಟ್‌ನೆಸ್ ಪೂರ್ತಿ ಏರಿಸಿ ಬಣ್ಣ ಒಪ್ಪಬೇಡಿ.

ಎಲ್ಲಕ್ಕಿಂತ ಮುಖ್ಯ, ನಿಜವಾದ ಕಾಗದದ ಮೇಲೆ ಒಂದು ಮಾದರಿ ಪ್ರತಿ ತೆಗೆಸಿ, ಹಗಲು ಬೆಳಕಿನಲ್ಲಿ ನೋಡಿ, ಆಮೇಲೆ ಒಪ್ಪಿಗೆ ಕೊಡಿ. ಒಂದು ಪ್ರತಿಯ ಖರ್ಚು ಐನೂರು ಕಾರ್ಡಿನ ನಷ್ಟವನ್ನು ಉಳಿಸುತ್ತದೆ. ಪ್ರೆಸ್‌ನವರೊಂದಿಗಿನ ಜಗಳವನ್ನೂ.