ಸುಂಕದವನ ಮುಂದೆ ಸುಖದುಃಖ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲವೆಂಬ ಗಾದೆ ನಮ್ಮ ಹಿರಿಯರ ಬಾಯಲ್ಲಿ ಇಂದಿಗೂ ಇದೆ. ತಲೆಹೊರೆ ಹೊತ್ತು ಘಟ್ಟ ಇಳಿದವನೂ, ಎತ್ತಿನ ಮೇಲೆ ಉಪ್ಪು ಹೇರಿ ಘಟ್ಟ ಹತ್ತಿದವನೂ ಸುಂಕದ ಕಟ್ಟೆಯೆದುರು ಕೈಕಟ್ಟಿ ನಿಂತು ಕಲಿತ ಮಾತು ಅದು. ಆದರೆ 12ನೆಯ ಶತಮಾನದ ಕಲ್ಯಾಣದಲ್ಲಿ ಒಬ್ಬ ಸುಂಕದವನೂ ಶರಣನಾಗಿದ್ದನೆಂಬುದನ್ನು ನಾವು ಮರೆಯುತ್ತೇವೆ. ಸುಂಕ ಎತ್ತುವುದೇ ಬಂಕಣ್ಣನ ಕಾಯಕ. ಆ ಕಾಯಕದ ಮಾತುಗಳನ್ನೇ ಹಿಡಿದು ಅವನು ವಚನ ಹೇಳಿದ. ಅದೇ ಬಳಗದಲ್ಲಿ ಹಗ್ಗ ಹೊಸೆದು ಮಾರುವ ನುಲಿಯ ಚಂದಯ್ಯನಿದ್ದ, ಬುಟ್ಟಿ ಹೆಣೆಯುವ ಮೇದಾರ ಕೇತಯ್ಯನಿದ್ದ. ಮಾರುವವನೂ ಮಾರಿದ್ದಕ್ಕೆ ಸುಂಕ ಕೇಳುವವನೂ ಒಂದೇ ಪಂಕ್ತಿಯಲ್ಲಿ ಶರಣರೆನಿಸಿಕೊಂಡರು. ಗಾದೆಯನ್ನೂ ಬಂಕಣ್ಣನನ್ನೂ ಜೊತೆಗಿಟ್ಟುಕೊಂಡು ಈ ವಾರ ಒಂದು ಲೌಕಿಕದ ವಿಚಾರವನ್ನು ನೋಡೋಣ.

ವಿಚಾರ ಬೆಂಗಳೂರಿನದು. ಬೆಂಗಳೂರಿನ ಗೊಡವೆ ನಾವುಂದದವರಿಗೆ ಯಾಕೆಂದು ಕೇಳುವವರು ತಮ್ಮ ಕೇರಿಯಲ್ಲೇ ಒಮ್ಮೆ ನಡೆದು ನೋಡಲಿ. ನಾವುಂದ, ಮರವಂತೆ, ಕಿರಿಮಂಜೇಶ್ವರ, ಉಪ್ಪುಂದದ ಮನೆಗಳಲ್ಲಿ ಮುದುಕರು ಮಾತ್ರ ಉಳಿದು ಬಾಗಿಲು ಕಾಯುತ್ತಿರುವುದು ಎಷ್ಟು ಕಡೆ! ಮಗ ಎಲ್ಲಿದ್ದಾನೆಂದರೆ ಬೆಂಗಳೂರಿನಲ್ಲಿ ಬೇಕರಿ. ಅಳಿಯ ಎಲ್ಲಿದ್ದಾನೆಂದರೆ ಅವನದೂ ಕಾಂಡಿಮೆಂಟ್ಸ್ ಅಂಗಡಿ. ಆ ಮಹಾನಗರದ ಬಡಾವಣೆಗಳ ಮೂಲೆ ಮೂಲೆಯಲ್ಲಿ ಹಾಲು, ಬನ್ನು, ಚಹಾ ಮಾರುವ ಗಲ್ಲೆಯ ಹಿಂದಿನಿಂದ ಕುಂದಾಪುರದ ಕನ್ನಡ ಕೇಳಿಸುವುದು ನಿನ್ನೆ ಮೊನ್ನೆಯದಲ್ಲ. ಬೆಳಗಿನ ಜಾವ ಹಾಲಿನ ಗಾಡಿ ಬರುವ ಮೊದಲೇ ಎದ್ದು, ರಾತ್ರಿ ಕೊನೆಯ ಗಿರಾಕಿ ಹೋದ ಮೇಲೆ ಕದ ಎಳೆದು, ಅಂಗಡಿಯ ಹಿಂದಿನ ಕೋಣೆಯಲ್ಲೇ ಮಲಗಿ ಊರಿಗೆ ಹಣ ಕಳುಹಿಸಿದವರು ಇವರು. ನಮ್ಮ ಕಡೆ ಎಷ್ಟೋ ಮನೆಗಳ ಹೆಂಚು ಹೋಗಿ ತಾರಸಿ ಬಂದದ್ದು ಈ ಗಲ್ಲೆಯ ಚಿಲ್ಲರೆಯಿಂದಲೇ.

2025ರ ಜುಲೈ ತಿಂಗಳಲ್ಲಿ ಈ ಅಂಗಡಿಗಳಿಗೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ನೋಟೀಸುಗಳು ಬಂದವು. ಗಿರಾಕಿಗಳು ಮೊಬೈಲ್ ಫೋನಿನಿಂದ ಯುಪಿಐ ಮೂಲಕ ಕೊಟ್ಟ ಹಣದ ಲೆಕ್ಕವನ್ನು ಇಲಾಖೆ ತರಿಸಿಕೊಂಡಿತ್ತು. 2021-22ರಿಂದ ಈಚಿನ ವರ್ಷಗಳಲ್ಲಿ ಯಾರ ಖಾತೆಗೆ ಮಿತಿ ಮೀರಿ ಹಣ ಬಂದಿದೆಯೋ, ಅವರು ಜಿಎಸ್‌ಟಿ ನೋಂದಣಿ ಏಕೆ ಮಾಡಿಸಿಲ್ಲ, ತೆರಿಗೆ ಏಕೆ ಕಟ್ಟಿಲ್ಲ ಎಂಬುದು ಪ್ರಶ್ನೆ. ಕೆಲವರ ನೋಟೀಸಿನಲ್ಲಿ ಬರೆದ ಮೊತ್ತ ಲಕ್ಷಗಳಲ್ಲಿತ್ತು. ಅಂಗಡಿಯನ್ನು ಸಾಮಾನು ಸಮೇತ ಮಾರಿದರೂ ಅಷ್ಟು ಹುಟ್ಟದೆಂದು ಅಂಗಡಿಯವರು ಹಣೆ ಬಡಿದುಕೊಂಡರು.

ಹಳ್ಳಿಯ ಹಿರಿಯರಿಗೆ ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸರಕು ಮಾರುವವನ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕು. ಸೇವೆ ಕೊಡುವವನಿಗಾದರೆ ಆ ಮಿತಿ 20 ಲಕ್ಷ. ನಲವತ್ತು ಲಕ್ಷವೆಂದರೆ ನಮ್ಮ ಕಿವಿಗೆ ಸಾಹುಕಾರನ ಗಂಟಿನಂತೆ ಕೇಳುತ್ತದೆ. ಭಾಗಿಸಿ ನೋಡಿದರೆ ದಿನಕ್ಕೆ ಸುಮಾರು 11 ಸಾವಿರ ರೂಪಾಯಿ ಮಾತ್ರ. ಇದು ಲಾಭವಲ್ಲ, ಗಲ್ಲೆಗೆ ಬಂದು ಹೋಗುವ ಹಣ. ಹಾಲಿನ ಪೊಟ್ಟಣ ಮಾರಿದವನಿಗೆ ಉಳಿಯುವುದು ಬಿಡಿಗಾಸು, ಆದರೆ ಫೋನಿನ ಲೆಕ್ಕದಲ್ಲಿ ಪೂರ್ತಿ ಬೆಲೆ ಬಂದಂತೆ ಕಾಣುತ್ತದೆ. ಮೇಲಾಗಿ ಹಾಲು, ತರಕಾರಿ, ಬ್ರೆಡ್ಡಿಗೆ ತೆರಿಗೆಯೇ ಇಲ್ಲ. ತೆರಿಗೆಯಿಲ್ಲದ ಸರಕನ್ನಷ್ಟೇ ಮಾರುವವನು ಎಷ್ಟು ಮಾರಿದರೂ ನೋಂದಣಿ ಆಗಬೇಕಾಗಿಲ್ಲ. ಆದರೆ ಹಾಲಿನ ಪಕ್ಕದಲ್ಲಿ ಬಿಸ್ಕತ್ತಿನ ಡಬ್ಬಿ ಇಟ್ಟನೋ, ಹಾಲು ಬ್ರೆಡ್ಡಿನ ವಹಿವಾಟೂ ಸೇರಿಯೇ ಮಿತಿಯ ಲೆಕ್ಕ! ತೆರಿಗೆ ಬೀಳುವುದು ಬಿಸ್ಕತ್ತಿಗೆ ಮಾತ್ರ, ಮಿತಿ ದಾಟಿಸುವುದು ಮಾತ್ರ ಹಾಲು. ಈ ಸೂಕ್ಷ್ಮವನ್ನು ಏಳನೆಯ ತರಗತಿ ಮುಗಿಸಿ ಬಸ್ಸು ಹತ್ತಿದ ಹುಡುಗನಿಗೆ ಯಾರು ಹೇಳಿದ್ದರು? ಅಂಗಡಿಯ ಗೋಡೆಗೆ ಕ್ಯೂಆರ್ ಚೀಟಿ ಅಂಟಿಸಲು ಬಂದವರು ಬಹಳ ಮಂದಿ, ಅದರ ಹಿಂದಿನ ಕಾನೂನು ತಿಳಿಸಲು ಬಂದವರು ವಿರಳ. ಅದೇ ಖಾತೆಗೆ ತಂಗಿಯ ಮದುವೆಗೆಂದು ಸ್ನೇಹಿತ ಕೊಟ್ಟ ಕೈಗಡವೂ ಬಂದಿರುತ್ತದೆ, ಚೀಟಿ ಎತ್ತಿದ ಹಣವೂ ಬಂದಿರುತ್ತದೆ. ಯಂತ್ರಕ್ಕೆ ಎಲ್ಲವೂ ಒಂದೇ.

ಆಮೇಲೆ ಆದದ್ದು ನಮಗೆ ಮುಖ್ಯವೆನಿಸಿತು. ಅಂಗಡಿಯವರಷ್ಟು ಒಬ್ಬಂಟಿಗಳು ಬೇರೆ ಯಾವ ಕಸುಬಿನಲ್ಲೂ ಇರಲಾರರು. ಬಸ್ಸಿನ ಚಾಲಕರಿಗೆ ಸಂಘವಿದೆ, ಮಾಸ್ತರರಿಗೆ ಸಂಘವಿದೆ. ಅಂಗಡಿಯವನಿಗೆ ಎದುರಿನ ಅಂಗಡಿಯವನೇ ವೈರಿ. ಅವನು ಬೋಂಡದ ಬೆಲೆ ಒಂದು ರೂಪಾಯಿ ಇಳಿಸಿದರೆ ಇವನ ನಿದ್ದೆ ಹೋಗುತ್ತದೆ. ಒಂದೇ ಊರಿನವರು, ಒಂದೇ ನಾಗಬನಕ್ಕೆ ಸೇರಿದವರು, ಒಂದೇ ರಸ್ತೆಯಲ್ಲಿ ಎದುರುಬದುರು ಅಂಗಡಿ ಹಾಕಿ ವರ್ಷಗಟ್ಟಲೆ ಮಾತು ಬಿಟ್ಟದ್ದನ್ನು ನಾವು ಕಂಡಿದ್ದೇವೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಿದ್ದ ಇವರನ್ನು ಒಂದು ನೋಟೀಸು ಒಂದೇ ಬೆಂಚಿನ ಮೇಲೆ ಕೂರಿಸಿತು. ನಿನಗೆಷ್ಟು ಬಂತು, ನನಗಿಷ್ಟು ಬಂತು ಎಂದು ಕಾಗದ ತೋರಿಸಿಕೊಂಡಾಗಲೇ ಇಬ್ಬರ ಕಷ್ಟವೂ ಒಂದೇ ಎಂದು ತಿಳಿಯಿತು. ಕರಾವಳಿಯ ಬೇಕರಿಯವನು, ಬಯಲುಸೀಮೆಯ ತರಕಾರಿಯವನು, ಹೊರರಾಜ್ಯದಿಂದ ಬಂದ ಚಹಾದವನು ಎಂಬ ಭೇದವೂ ಆ ಹೊತ್ತಿಗೆ ಉಳಿಯಲಿಲ್ಲ. ಜುಲೈ 25ರಂದು ಅಂಗಡಿ ಮುಚ್ಚಿ ಪ್ರತಿಭಟಿಸುವುದೆಂದು ಕರೆ ಹೊರಟಿತು. ಅದಕ್ಕೆ ಎರಡು ದಿನ ಮೊದಲು, 23ರಂದು, ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರ ಪ್ರತಿನಿಧಿಗಳನ್ನು ಕರೆದು ಮಾತಾಡಿದರು. ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ಮುಂದಕ್ಕೆ ನೋಂದಣಿ ಮಾಡಿಸಿಕೊಂಡು ತೆರಿಗೆ ಕಟ್ಟಬೇಕು ಎಂಬ ಭರವಸೆಯ ಮೇಲೆ ಬಂದ್ ಕರೆ ಹಿಂದಕ್ಕೆ ಹೋಯಿತು. ಗಾದೆ ಆ ದಿನ ಸುಳ್ಳಾಯಿತು. ಒಬ್ಬೊಬ್ಬನಾಗಿ ಹೇಳಿಕೊಂಡಿದ್ದರೆ ನಿಜವೇ ಆಗುತ್ತಿತ್ತೇನೋ.

ವರ್ತಕರದ್ದು ಎಲ್ಲವೂ ಸರಿಯೆಂದು ನಾವು ಹೇಳಲಾರೆವು. ಆ ದಿನಗಳಲ್ಲಿ ಅನೇಕ ಅಂಗಡಿಗಳು ಕ್ಯೂಆರ್ ಚೀಟಿ ಕಿತ್ತು, ನಗದು ಮಾತ್ರ ಎಂಬ ಹಲಗೆ ತೂಗುಹಾಕಿದವು. ಹೆದರಿದವನು ಹಾಗೆ ಮಾಡುವುದು ಸಹಜ. ಆದರೂ ಅದರಿಂದ ಹೊರಗಿನವರಿಗೆ ಅಂಗಡಿಯವನು ಏನನ್ನೋ ಬಚ್ಚಿಡುತ್ತಿದ್ದಾನೆ ಎಂದೇ ಕಂಡಿತು. ಹಣ ನಗದಿನಲ್ಲಿ ಬಂದರೂ ಫೋನಿನಲ್ಲಿ ಬಂದರೂ ಕಾನೂನಿನ ಲೆಕ್ಕ ಒಂದೇ. ಇನ್ನೊಂದು ಮಾತು: ನಿಜವಾಗಿ ಮಿತಿ ದಾಟಿ ಮಾರುವವನಿಗೂ ದಾರಿಯಿದೆ. ವರ್ಷಕ್ಕೆ ಒಂದೂವರೆ ಕೋಟಿಯವರೆಗಿನ ಸಣ್ಣ ವರ್ತಕರಿಗೆ ರಾಜಿ ತೆರಿಗೆ ಪದ್ಧತಿಯಿದೆ. ಸರಕು ಮಾರುವವರಿಗೆ ಅದರ ದರ ನೂರಕ್ಕೆ ಒಂದು. ಆ ತೆರಿಗೆಯನ್ನು ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ, ತನ್ನ ಕೈಯಿಂದಲೇ ಕಟ್ಟಬೇಕು ಎಂಬುದು ನಿಜ. ಆದರೆ ರಾತ್ರಿ ನೆಮ್ಮದಿಯ ನಿದ್ದೆಗೆ ಅದು ದುಬಾರಿಯಲ್ಲ. ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ತಂದಲ್ಲೇ ಚೆಲ್ಲಿ ಬರಲು ಹೇಳಿದವಳು ಅವನ ಹೆಂಡತಿ ಲಕ್ಕಮ್ಮ. ನಮ್ಮ ಅಂಗಡಿಗಳ ಲೆಕ್ಕದ ಪುಸ್ತಕವನ್ನೂ ಮನೆಯ ಹೆಂಗಸರ ಕೈಗೆ ಕೊಟ್ಟು ನೋಡಬಹುದು.

ತೆರಿಗೆಯ ನೋಟೀಸು ಒಮ್ಮೆ ಬಂದ ಸಿಡಿಲು. ನಗರಾಡಳಿತದ ಕಿರುಕುಳವಾದರೋ ಜಿಟಿಜಿಟಿ ಮಳೆಯಂತೆ ದಿನವೂ ಸುರಿಯುವಂಥದು. ಉದ್ದಿಮೆ ಪರವಾನಗಿ, ಅದರ ನವೀಕರಣ, ಕಸದ ಶುಲ್ಕ, ಅಂಗಡಿಯ ಮುಂದಿನ ಚರಂಡಿ, ಕಾಲುದಾರಿಯ ಮೇಲೆ ಚಾಚಿದ ತಗಡು. ಬೆಂಗಳೂರಿನಲ್ಲಿ 2025ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಅದರ ಕೆಳಗೆ ಐದು ಪಾಲಿಕೆಗಳಾದವು. ಆಡಳಿತ ಹತ್ತಿರವಾಗಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಬೆಳಗಿನಿಂದ ರಾತ್ರಿಯವರೆಗೆ ಗಲ್ಲೆ ಬಿಟ್ಟು ಏಳಲಾಗದವನಿಗೆ ಯಾವ ಕಾಗದಕ್ಕೆ ಯಾವ ಕಚೇರಿ ಎಂದು ಹುಡುಕುವುದೇ ಒಂದು ದಿನದ ದುಡಿಮೆ. ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡವಿರಬೇಕೆಂಬ ನಿಯಮ 2024ರಲ್ಲಿ ಬಿಗಿಯಾದಾಗ ನಮ್ಮ ಕಡೆಯವರಿಗೆ ಅಂಥ ತೊಂದರೆಯಾಗಲಿಲ್ಲ, ಅವರ ಫಲಕ ಮೊದಲೇ ಕನ್ನಡದ್ದು. ಫಲಕಕ್ಕೆ ಕನ್ನಡ ಕೇಳುವ ಆಡಳಿತ, ತಾನು ಕಳುಹಿಸುವ ಪ್ರತಿ ಕಾಗದವೂ ಅಂಗಡಿಯವನಿಗೆ ಓದಿದರೆ ತಿಳಿಯುವ ಕನ್ನಡದಲ್ಲಿರಬೇಕೆಂಬ ನಿಯಮವನ್ನೂ ತನಗೆ ತಾನೇ ಹಾಕಿಕೊಳ್ಳಲಿ.

ಸಣ್ಣ ವರ್ತಕ ಸುಂಕಕ್ಕೆ ಅಂಜುವುದಿಲ್ಲ, ಗೊತ್ತಿಲ್ಲದ ಸುಂಕಕ್ಕೆ ಅಂಜುತ್ತಾನೆ. ನಾಳೆ ಎಷ್ಟು ಕೇಳುತ್ತಾರೆ, ಯಾವ ವರ್ಷದ್ದನ್ನು ಕೇಳುತ್ತಾರೆ, ಯಾರು ಬಂದು ಕೇಳುತ್ತಾರೆ ಎಂಬುದು ತಿಳಿಯದಿರುವುದೇ ಅವನ ಸಂಕಟ. ಒಂದು ಕಾಲಕ್ಕೆ ನಮ್ಮ ಈ ಕರಾವಳಿಯನ್ನೂ ಆಳಿದ ಕೆಳದಿಯ ಅರಸರಲ್ಲಿ, 17ನೆಯ ಶತಮಾನದ ಶಿವಪ್ಪ ನಾಯಕನ ಹೆಸರು ಇಂದಿಗೂ ಉಳಿದಿರುವುದು ಕೋಟೆಗಿಂತ ಹೆಚ್ಚಾಗಿ 'ಶಿಸ್ತಿ'ನಿಂದ. ಭೂಮಿಯ ಗುಣ, ಬೆಳೆಯ ಅಳತೆ ನೋಡಿ ಇಷ್ಟೇ ಕಂದಾಯವೆಂದು ಅವನು ಗೊತ್ತುಪಡಿಸಿದ. ರೈತನಿಗೆ ಬಿತ್ತುವಾಗಲೇ ಕಟ್ಟಬೇಕಾದ್ದು ತಿಳಿದಿರುತ್ತಿತ್ತು. ಇಲ್ಲೇ ನಮ್ಮ ಬಸರೂರು, ಬಾರ್ಕೂರುಗಳು ಬಂದರು ಪಟ್ಟಣಗಳಾಗಿದ್ದಾಗ ವರ್ತಕರ ಸಂಘಗಳಿದ್ದವು. ನಖರ, ಹಂಜಮಾನ, ಸೆಟ್ಟಿಕಾರರು ಎಂಬ ಹೆಸರುಗಳು ಕರಾವಳಿಯ ಶಾಸನಗಳಲ್ಲಿ ಬರುತ್ತವೆ. ಬಾರ್ಕೂರಿನ ಮೂಡುಕೇರಿ, ಮಣಿಗಾರಕೇರಿ, ಕೋಟೆಕೇರಿ, ಚೌಳಿಕೇರಿ ಎಂಬ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ಅಂಗಡಿಯವರು ಕೂಡಿ ಮಾತಾಡುವುದು ನಮ್ಮ ಸೀಮೆಗೆ ಹೊಸತಲ್ಲ, ನಡುವೆ ಮರೆತುಹೋಗಿತ್ತು ಅಷ್ಟೆ.

ಕೂಡಿದವರಿಗೆ ಪೀಠವೂ ಸಿಗುತ್ತದೆ ಎಂಬುದಕ್ಕೆ ಅಂಗಡಿಯೂ ಇಲ್ಲದ ಬಡವರೇ ಸಾಕ್ಷಿ. ದೇಶದ ಬೀದಿ ವ್ಯಾಪಾರಿಗಳು ವರ್ಷಗಟ್ಟಲೆ ಸಂಘ ಕಟ್ಟಿ, ನ್ಯಾಯಾಲಯ ಹತ್ತಿದ ಮೇಲೆ 2014ರಲ್ಲಿ ಅವರ ಜೀವನೋಪಾಯ ರಕ್ಷಣೆಯ ಕಾಯಿದೆ ಬಂತು. ಅದರಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಚುನಾಯಿತರಾಗಿ ಕೂರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರಿರಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಎಬ್ಬಿಸುವಂತಿಲ್ಲ. ಕಾಯಿದೆ ಇದ್ದ ಮಾತ್ರಕ್ಕೆ ಎಲ್ಲವೂ ನೆಟ್ಟಗಾಗಲಿಲ್ಲ. 2024ರಲ್ಲಿ ಮಂಗಳೂರಿನಲ್ಲಿ ಪಾಲಿಕೆಯ ವಾಹನಗಳು ಬಂದು ಬೀದಿಬದಿಯ ಗಾಡಿಗಳನ್ನು ತೆರವು ಮಾಡಿದವು, ವ್ಯಾಪಾರಿಗಳು ಬೀದಿಗಿಳಿದು ಪ್ರತಿಭಟಿಸಿದರು. ಆದರೆ ಕೇಳಲು ಅವರ ಕೈಯಲ್ಲಿ ಒಂದು ಕಾಯಿದೆಯಾದರೂ ಇತ್ತು. ಮಳಿಗೆ ಹಿಡಿದು, ಬಾಡಿಗೆ ಕೊಟ್ಟು, ಪರವಾನಗಿ ಪಡೆದು ಕೂತ ನಮ್ಮ ಬೇಕರಿಯವನಿಗೆ ನಗರಸಭೆಯಲ್ಲಾಗಲಿ ಪಾಲಿಕೆಯಲ್ಲಾಗಲಿ ಅಂಥ ಪೀಠವಿಲ್ಲ. ಶುಲ್ಕ ಏರಿಸುವ ಮೊದಲು, ರಸ್ತೆ ಅಗೆಯುವ ಮೊದಲು ಅಂಗಡಿಯವರನ್ನು ಕರೆದು ಕೇಳುವ ಒಂದು ಸಮಿತಿ ಪ್ರತಿ ವಾರ್ಡಿನಲ್ಲಿ ಇದ್ದರೆ ಯಾರಿಗೆ ನಷ್ಟ? ಆ ಸಮಿತಿಯೇ, ಕಾಲುದಾರಿಯಲ್ಲಿ ಅನ್ನದ ಡ್ರಮ್ಮು ಇಟ್ಟು ನಡೆಯುವ ಮುದುಕರನ್ನು ರಸ್ತೆಗಿಳಿಸುವ ವರ್ತಕನನ್ನೂ ಗದರಿಸಲಿ. ಅಧಿಕಾರಿ ಗದರಿಸಿದರೆ ಕೇಳದವನು ತನ್ನವರು ಗದರಿಸಿದರೆ ಕೇಳುತ್ತಾನೆ.

2025ರಲ್ಲಿ ನಾಗರ ಪಂಚಮಿ ಬಂದದ್ದು ಜುಲೈ 29ಕ್ಕೆ, ಈ ಗದ್ದಲ ತಣ್ಣಗಾದ ನಾಲ್ಕೈದು ದಿನಗಳಲ್ಲಿ. ನಾಗನಿಗೆ ತನು ಎರೆಯಲೆಂದು ಬೆಂಗಳೂರಿನಿಂದ ಬಂದವರ ಬಾಯಲ್ಲಿ ಆ ವರ್ಷ ನೋಟೀಸಿನದ್ದೇ ಕಥೆ. ಎದುರು ಅಂಗಡಿಯವನೊಡನೆ ಮಾತು ಶುರುವಾಗಿದೆ ಎಂದು ಹೇಳುವಾಗ ಅವರಲ್ಲಿ ಕೆಲವರಿಗೆ ನಾಚಿಕೆಯೂ ಇತ್ತು. ಆ ಮಾತು ಈಗಲೂ ನಡೆದಿದೆಯೇ ಅಥವಾ ಬೋಂಡದ ಬೆಲೆಯ ಮೇಲೆ ಮತ್ತೆ ನಿಂತಿದೆಯೇ ಎಂಬುದು ನಮ್ಮ ಕುತೂಹಲ. ನೋಟೀಸು ಬಂದಾಗ ಮಾತ್ರ ಸೇರುವ ಸಂಘಕ್ಕೆ ಆಯುಷ್ಯ ಕಡಿಮೆ. ತಿಂಗಳಿಗೊಮ್ಮೆ ಕದ ಎಳೆದ ಮೇಲೆ ಅರ್ಧ ಗಂಟೆ ಕೂತು, ಯಾರ ಪರವಾನಗಿ ಯಾವಾಗ ಮುಗಿಯುತ್ತದೆ, ಯಾರು ನೋಂದಣಿ ಮಾಡಿಸಿಲ್ಲ ಎಂದು ನೋಡಿಕೊಳ್ಳುವುದು ಕಷ್ಟವೇನಲ್ಲ.

ಇದು ಮಹಾನಗರಕ್ಕೆ ಹೋದವರಿಗೆ ಮಾತ್ರ ಹೇಳುವುದೂ ಅಲ್ಲ. ನಾವುಂದದ ಹೆದ್ದಾರಿಯ ಎರಡೂ ಮಗ್ಗುಲ ಅಂಗಡಿಯವರಿಗೂ ಪಂಚಾಯತಿಯ ಪರವಾನಗಿಯಿದೆ, ಮಳೆಗಾಲದ ಚರಂಡಿಯಿದೆ, ಗೋಡೆಯ ಮೇಲೆ ಅದೇ ಕ್ಯೂಆರ್ ಚೀಟಿಯಿದೆ. ಗ್ರಾಮಸಭೆಯ ದಿನ ಅವರೂ ಅಂಗಡಿಗೆ ಒಂದು ತಾಸು ಬೀಗ ಹಾಕಿ ಬಂದು ಕೂರಲಿ. ಇನ್ನು ಮನೆಯಲ್ಲಿರುವ ಹಿರಿಯರು, ಮಗ ರಾತ್ರಿ ಫೋನು ಮಾಡಿದಾಗ ಊಟವಾಯಿತೇ ಎಂದು ಕೇಳುವ ಜೊತೆಗೆ ಇನ್ನೆರಡು ಮಾತು ಕೇಳಲಿ: ನಿನ್ನ ಅಂಗಡಿಯ ನೋಂದಣಿಯ ವಿಚಾರ ಏನಾಯಿತು? ಎದುರಿನ ಅಂಗಡಿಯವನ ಫೋನ್ ನಂಬರು ನಿನ್ನಲ್ಲಿದೆಯೇ?