ಕ್ಯಾಮೆರಾ ವೇದಿಕೆಯಿಂದ ಕೆಳಗಿಳಿಯಲಿ

ನಮ್ಮ ಧರ್ಮಕೇಂದ್ರಗಳು ಹೊರತರುವ ಸ್ಮರಣ ಸಂಚಿಕೆಗಳನ್ನು ಒಮ್ಮೆ ತೆರೆದು ನೋಡಿರಿ. ಸುವರ್ಣ ಮಹೋತ್ಸವವಿರಲಿ, ಶತಮಾನೋತ್ಸವವಿರಲಿ, ಒಳಗಿನ ಚಿತ್ರಗಳು ಒಂದೇ ಬಗೆಯವು: ದೀಪ ಬೆಳಗಿಸುತ್ತಿರುವ ಗಣ್ಯರು, ಶಾಲು ಹೊದಿಸಿಕೊಳ್ಳುತ್ತಿರುವ ಗಣ್ಯರು, ಹಣ್ಣಿನ ಬುಟ್ಟಿ ಹಿಡಿದು ಕ್ಯಾಮೆರಾದತ್ತ ಮುಖಮಾಡಿ ನಿಂತ ಗಣ್ಯರು. ಯಾವ ದೇವಾಲಯದ ನೂರು ವರ್ಷಗಳನ್ನು ಕೊಂಡಾಡಲು ಆ ಪುಸ್ತಕ ಅಚ್ಚಾಯಿತೋ ಅದರ ಹಳೆಯ ಬಲಿಪೀಠವಾಗಲಿ, ಗಂಟೆಗೋಪುರದ ಮರದ ಏಣಿಯಾಗಲಿ, ಬಾಗಿಲ ಬಳಿ ಸಾವಿರಾರು ಬೆರಳುಗಳು ಸವೆಸಿದ ಪವಿತ್ರ ಜಲದ ಕಲ್ಲಿನ ಬಟ್ಟಲಾಗಲಿ ಒಂದು ಪುಟದಲ್ಲೂ ಕಾಣಸಿಗದು. ಛಾಯಾಗ್ರಾಹಕನಿಗೆ ಹಣ ಕೊಟ್ಟದ್ದು ವೇದಿಕೆಗಾಗಿ. ಆತ ವೇದಿಕೆಯನ್ನು ತೆಗೆದ. ತಪ್ಪು ಆತನದಲ್ಲ, ನಮ್ಮದು.

ಅದೇ ಧರ್ಮಕೇಂದ್ರದಲ್ಲಿ ಇನ್ನೊಬ್ಬನಿರುತ್ತಾನೆ. ಭಾನುವಾರದ ಬಲಿಪೂಜೆ ಮುಗಿದು ಎಲ್ಲರೂ ಮನೆಗೆ ಹೊರಟರೂ ಈ ಹುಡುಗ (ಹುಡುಗಿಯೂ ಇರಬಹುದು) ಹಿಂದೆ ಉಳಿದು, ಲೂರ್ದು ಮಾತೆಯ ಗವಿಯ ಸಿಮೆಂಟಿನಲ್ಲಿ ಯಾರೋ ಒತ್ತಿಟ್ಟ ಕಪ್ಪೆಚಿಪ್ಪುಗಳನ್ನೋ, ಸಮಾಧಿಯೊಂದರ ಮೇಲೆ ಕಲ್ಲುಕುಟಿಗ ತಲೆಕೆಳಗಾಗಿ ಕೆತ್ತಿದ ಅಕ್ಷರವನ್ನೋ ಬಗ್ಗಿ ಬಗ್ಗಿ ತೆಗೆಯುತ್ತಿರುತ್ತಾನೆ. 'ಇವನಿಗೆ ಬೇರೆ ಕೆಲಸವಿಲ್ಲವೇ?' ಎಂದು ಹಿರಿಯರು ಕೇಳುತ್ತಾರೆ. 'ಇದರಿಂದ ಅನ್ನ ಹುಟ್ಟುತ್ತದೆಯೇ?' ಎಂದು ಮನೆಯವರು ಕೇಳುತ್ತಾರೆ. ಧರ್ಮಸಭೆಯ ಕೆಲಸವನ್ನು ಮಾಡುತ್ತಿರುವವನು ಅವನೇ ಎಂಬುದು ನನ್ನ ವಾದ.

ಈ ವಾದಕ್ಕೆ ಸಾಕ್ಷಿಯಾಗಿ ಒಬ್ಬ ಗುರುವನ್ನೇ ಕರೆತರುತ್ತೇನೆ. ಐರ್ಲೆಂಡಿನ ಫ್ರಾನ್ಸಿಸ್ ಬ್ರೌನ್ ಅವರು 1880ರಲ್ಲಿ ಜನಿಸಿದರು. 1897ರಲ್ಲಿ ಯೇಸುಸಭೆಯನ್ನು ಸೇರುವ ಮುನ್ನ ಯೂರೋಪ್ ಪ್ರವಾಸಕ್ಕೆ ಹೊರಟ ಈ ಹುಡುಗನ ಕೈಗೆ ಬಿಷಪರಾಗಿದ್ದ ಅವರ ಚಿಕ್ಕಪ್ಪನವರು ಒಂದು ಕ್ಯಾಮೆರಾವನ್ನು ಇತ್ತರು. ಛಾಯಾಗ್ರಹಣ ಅವರ ವೃತ್ತಿಯಾಗಲಿಲ್ಲ. ಅವರ ವೃತ್ತಿ ಗುರುತ್ವವೇ. 1912ರ ಏಪ್ರಿಲ್‌ನಲ್ಲಿ ಅದೇ ಚಿಕ್ಕಪ್ಪನವರು ಕೊಡಿಸಿದ ಟಿಕೆಟ್ಟಿನಲ್ಲಿ ಅವರು ಟೈಟಾನಿಕ್ ಹಡಗನ್ನೇರಿ, ಇಂಗ್ಲೆಂಡಿನಿಂದ ಐರ್ಲೆಂಡಿನವರೆಗೆ ಪ್ರಯಾಣಿಸಿದರು. ಸಹಪ್ರಯಾಣಿಕರೊಬ್ಬರು ಅಮೆರಿಕದವರೆಗಿನ ವೆಚ್ಚವನ್ನು ತಾವೇ ಭರಿಸುವುದಾಗಿ ಹೇಳಿದಾಗ ತಂತಿ ಕಳುಹಿಸಿ ಮೇಲಧಿಕಾರಿಗಳ ಅನುಮತಿ ಕೇಳಿದರು. ಕೂಡಲೇ ಇಳಿದು ಬರಬೇಕೆಂಬ ಆಜ್ಞೆ ಬಂತು. ವಿಧೇಯತೆಯು ಪ್ರಾಣವನ್ನೇ ಉಳಿಸಿದ ಪ್ರಸಂಗವೆಂದು ಇದನ್ನು ಹೇಳುವವರುಂಟು. ನನಗೆ ಮುಖ್ಯವಾದುದು ಅವರು ಹಡಗಿನಲ್ಲಿ ಏನನ್ನು ತೆಗೆದರು ಎಂಬುದು. ಅಟ್ಟದ ಮೇಲೆ ಬುಗುರಿಯಾಡುತ್ತಿದ್ದ ಪುಟ್ಟ ಹುಡುಗ, ವ್ಯಾಯಾಮಶಾಲೆಯಲ್ಲಿನ ಶಿಕ್ಷಕ, ತಂತಿರಹಿತ ಸಂದೇಶದ ಕೊಠಡಿಯಲ್ಲಿ ಬೆನ್ನು ತಿರುಗಿಸಿ ಕುಳಿತ ಕೆಲಸಗಾರ. ಕೊನೆಯ ಚಿತ್ರವಂತೂ ಕೆಟ್ಟ ಚಿತ್ರ; ಒಂದೇ ಫಿಲ್ಮಿನ ಮೇಲೆ ಎರಡು ಬಾರಿ ಬೆಳಕು ಬಿದ್ದು ಕಲಸಿಹೋಗಿದೆ. ಯಾವ ಸ್ಪರ್ಧೆಯ ತೀರ್ಪುಗಾರನೂ ಅದನ್ನು ಬದಿಗೆ ಸರಿಸುತ್ತಿದ್ದ. ಆದರೆ ಸಾವಿರದ ಐನೂರಕ್ಕೂ ಹೆಚ್ಚು ಜನರೊಡನೆ ಮುಳುಗಿದ ಆ ಹಡಗಿನಿಂದ ಸಹಾಯಕ್ಕಾಗಿ ಮೊರೆ ಹೊರಟ ಕೊಠಡಿಯ ಚಿತ್ರವೆಂದು ಜಗತ್ತಿನ ಬಳಿ ಇರುವುದು ಅದೊಂದೇ.

ಮುಂದೆ ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರಿಗೆ ಗುರುವಾಗಿ ಸೇವೆ ಸಲ್ಲಿಸಿದ ಅವರು ಬೀದಿ, ಜಾತ್ರೆ, ಅಂಗಡಿ, ಕಾರ್ಖಾನೆಗಳನ್ನು ತೆಗೆಯುತ್ತಲೇ ಇದ್ದರು. 1960ರಲ್ಲಿ ನಿಧನರಾದರು, ಜನ ಮರೆತರು. 1985ರಲ್ಲಿ ಯೇಸುಸಭೆಯ ಮನೆಯೊಂದರ ಪೆಟ್ಟಿಗೆಯನ್ನು ಮತ್ತೊಬ್ಬ ಗುರುಗಳು ತೆರೆದಾಗ ಸುಮಾರು 42,000 ನೆಗೆಟಿವ್‌ಗಳು ದೊರೆತವು. ಹಳೆಯ ಫಿಲ್ಮು ಕೊಳೆಯತೊಡಗಿತ್ತು. ಹೊಸ ಫಿಲ್ಮಿಗೆ ಅವಸರದಿಂದ ಪ್ರತಿ ಮಾಡಬೇಕಾಯಿತು. ಇನ್ನಷ್ಟು ವರ್ಷ ಆ ಪೆಟ್ಟಿಗೆ ಮುಚ್ಚಿಯೇ ಇದ್ದಿದ್ದರೆ?

ನಮ್ಮಲ್ಲಿ ಟೈಟಾನಿಕ್ ಇಲ್ಲ ಎನ್ನಬೇಡಿ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ಲಿನ ಗೋಡೆ, ಛಾವಣಿಗಳನ್ನು ಇಟಲಿಯ ಯೇಸುಸಭಾ ಸಹೋದರ ಅಂತೋನಿಯೊ ಮೊಸ್ಕೆನಿಯವರು ಚಿತ್ರಗಳಿಂದ ತುಂಬಿದರು. ಆ ಕಲೆಗೆ ಪ್ರವಾಸಿಗರಿದ್ದಾರೆ, ತಜ್ಞರಿದ್ದಾರೆ, ಅದನ್ನು ಕಾಪಾಡುವವರಿದ್ದಾರೆ. ದಿಕ್ಕಿಲ್ಲದ್ದು ಸಣ್ಣ ಕಲೆ. ಕರಾವಳಿಯ ಕ್ರೈಸ್ತರ ಅಂಗಳಗಳಲ್ಲಿ ತುಳಸಿಕಟ್ಟೆಯನ್ನು ನೆನಪಿಸುವ ಕಟ್ಟೆಯ ಮೇಲೆ ನಿಂತ ಶಿಲುಬೆಗಳಿವೆ. ಎರಡು ಸಂಸ್ಕೃತಿಗಳ ನಂಟಿನ ಬಗ್ಗೆ ಗ್ರಂಥ ಬರೆಯುವವರು ಅದನ್ನು ದಾಟಿಯೇ ಹೋಗುತ್ತಾರೆ. ಹಳೆಯ ಮನೆ ಕೆಡವಿದಾಗ ಕೆಳಗೆ ಬೀಳುವ ಹೆಂಚನ್ನು ತಿರುವಿ ನೋಡಿದರೆ ಬಾಸೆಲ್ ಮಿಷನ್ನಿನ ಹೆಸರೂ 1865 ಎಂಬ ವರ್ಷವೂ ಅಚ್ಚೊತ್ತಿರುವುದುಂಟು. ಪೇಟೆಬೀದಿಯಲ್ಲಿ ಪೇಂಟರನು ಕುಂಚ ಹಿಡಿದು ಬರೆದ ಅಂಗಡಿಯ ಫಲಕಗಳು, ಕ್ಷೌರದಂಗಡಿಯ 'ಮಂಗಳವಾರ ರಜೆ', ಲಾರಿಯ ಹಿಂಬದಿಯ ನವಿಲು, ಅರ್ಧ ಕಟ್ಟಿದ ಮನೆಗೆ ನೇತುಹಾಕಿದ ದೃಷ್ಟಿಗೊಂಬೆ: ಇವುಗಳ ಹಿಂದೆ ಒಂದೊಂದು ಕೈ ಇತ್ತು. ಫ್ಲೆಕ್ಸ್ ಬಂದ ಮೇಲೆ ಆ ಕೈಗಳಲ್ಲಿ ಎಷ್ಟೋ ಕೈಗಳು ಕುಂಚವನ್ನು ಕೆಳಗಿಟ್ಟವು. ನಮ್ಮ ಹಬ್ಬದ ಆಮಂತ್ರಣಗಳೂ ಫ್ಲೆಕ್ಸಿನಲ್ಲೇ ತೂಗಾಡುತ್ತವೆ. ಸಂತರ ಚಿತ್ರಕ್ಕಿಂತ ದಾನಿಗಳ ಚಿತ್ರ ದೊಡ್ಡದು.

ಇವೆಲ್ಲ ಲೌಕಿಕ ವಿಷಯಗಳು, ಭಕ್ತಿಗೂ ಇವಕ್ಕೂ ಏನು ಸಂಬಂಧ ಎಂದು ಕೇಳುವವರು ಶುಭಸಂದೇಶವನ್ನು ಮತ್ತೊಮ್ಮೆ ಓದಲಿ. ಕಾಣಿಕೆಪೆಟ್ಟಿಗೆಗೆ ಸಿರಿವಂತರು ಹಣ ಸುರಿಯುತ್ತಿದ್ದಾಗ ಪ್ರಭುವಿನ ಕಣ್ಣು ಹೋದದ್ದು ವಿಧವೆಯ ಎರಡು ಕಾಸುಗಳ ಮೇಲೆ. ದೇವಾಲಯದ ಭವ್ಯವಾದ ಕಲ್ಲುಗಳನ್ನು ಶಿಷ್ಯರು ತೋರಿಸಿದರು. ಅವರು ತೋರಿಸಿದ್ದು ಹೊಲದ ಹೂವನ್ನು, ಸಾಸಿವೆಕಾಳನ್ನು, ಹಿಟ್ಟಿನಲ್ಲಿ ಹುದುಗಿದ ಹುಳಿಯನ್ನು.

ಇನ್ನೊಂದು ಆಕ್ಷೇಪವಿದೆ, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಇಂದು ಪ್ರತಿಯೊಬ್ಬರ ಜೇಬಿನಲ್ಲೂ ಕ್ಯಾಮೆರಾ ಇದೆ; ಚಿತ್ರ ತೆಗೆಯುವುದೇ ನೋಡದಿರಲು ನೆಪವಾಗಿದೆ. ಪ್ರಥಮ ಪರಮಪ್ರಸಾದದ ದಿನ ತಂದೆತಾಯಿಗಳು ಮಗುವಿನ ಮುಖವನ್ನು ಕಂಡದ್ದು ಮೊಬೈಲಿನ ಗಾಜಿನ ಮೂಲಕವೇ. ನಿಜ. ಆದರೆ ರೋಗಕ್ಕೆ ಕಾರಣ ಯಂತ್ರವಲ್ಲ, ಅದು ತಿರುಗಿರುವ ದಿಕ್ಕು. ತನ್ನತ್ತ ತಿರುಗಿದ ಕ್ಯಾಮೆರಾಕ್ಕೂ ಹೊರಗೆ ತಿರುಗಿದ ಕ್ಯಾಮೆರಾಕ್ಕೂ ಇರುವ ಭೇದವನ್ನು ಕಾಣಬೇಕಾದರೆ ಹಾಸನದ ಬಳಿಯ ಶೆಟ್ಟಿಹಳ್ಳಿಗೆ ಹೋಗಬೇಕು.

ಅಲ್ಲಿನ ಜಪಮಾಲೆ ಮಾತೆಯ ದೇವಾಲಯವನ್ನು 19ನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದರು. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಊರು ಎದ್ದುಹೋಯಿತು, ದೇವಾಲಯ ಉಳಿಯಿತು. ಮಳೆಗಾಲದಲ್ಲಿ ನೀರು ಏರಿ ಗೋಡೆಗಳನ್ನು ಮುಳುಗಿಸುತ್ತದೆ, ಬೇಸಿಗೆಯಲ್ಲಿ ಬಿಟ್ಟುಕೊಡುತ್ತದೆ. ಒಂದೊಂದೇ ಭಾಗ ಕುಸಿಯುತ್ತಿದೆ. ಈ ಭಗ್ನಾವಶೇಷದ ಚಿತ್ರಗಳಿಗೆ ಲೆಕ್ಕವಿಲ್ಲ. ಮದುವೆಗೆ ಮುನ್ನ ಜೋಡಿಗಳು ಬಂದು ಒಂದು ಕಾಲದಲ್ಲಿ ಬಲಿಪೀಠವಿದ್ದ ಕಡೆ ಒರಗಿ ನಿಲ್ಲುತ್ತಾರೆ. ಆದರೆ ಆ ನೆಲದ ಮೇಲೆ ಜನ ಮೊಣಕಾಲೂರಿದ್ದ ಒಂದು ಚಿತ್ರವನ್ನು ನಿಮ್ಮಲ್ಲಿ ಎಷ್ಟು ಮಂದಿ ಕಂಡಿದ್ದೀರಿ? ಮುಳುಗಿದ ಮೇಲೆ ಬಂದ ಕ್ಯಾಮೆರಾಗಳ ಹತ್ತರಲ್ಲಿ ಒಂದು ಪಾಲು ಮುಳುಗುವ ಮೊದಲು ಬಂದಿದ್ದರೆ ಸಾಕಿತ್ತು.

ಹವ್ಯಾಸಿಗಳಿಗೂ ಒಂದು ಮಾತು ಹೇಳಬೇಕು. ಬಡವನ ಸುಕ್ಕುಮುಖವಾಗಲಿ, ತೇರಿನ ಸರದಿಯಲ್ಲಿ ಕುಳಿತ ಭಿಕ್ಷುಕನ ಕೈಯಾಗಲಿ ಬೀದಿಯ ವಿಚಿತ್ರವಸ್ತುವಲ್ಲ. ಕೇಳದೆ ತೆಗೆದು ಬಹುಮಾನಕ್ಕೆ ಕಳುಹಿಸುವುದು ಕಳವು. ತೆಗೆದ ಚಿತ್ರಕ್ಕೆ ಊರು, ದಿನ, ವಸ್ತುವಿನ ವಿವರ ಬರೆಯದಿದ್ದರೆ ಅದು ಮೊಬೈಲು ಕೆಟ್ಟ ದಿನವೇ ಸತ್ತಂತೆ. ಬ್ರೌನ್ ಅವರ ಪೆಟ್ಟಿಗೆ ಇಂದು ನಮಗೆ ಅರ್ಥವಾಗುವುದು ಅವರು ವಿವರಗಳನ್ನು ಬರೆದಿಟ್ಟದ್ದರಿಂದ.

ಧರ್ಮಕೇಂದ್ರದ ಪಾಲನಾ ಸಮಿತಿಗಳಿಗೆ ನನ್ನ ಬೇಡಿಕೆ ದುಬಾರಿಯದಲ್ಲ. ಜೀರ್ಣೋದ್ಧಾರವೆಂಬ ಹೆಸರಿನಲ್ಲಿ ಮರದ ಪೀಠ ಕಿತ್ತು ಗ್ರಾನೈಟ್ ಹಾಸುವ, ನೂರು ವರ್ಷದ ಪ್ರತಿಮೆಗೆ ಎನಾಮಲ್ ಬಳಿಯುವ ತೀರ್ಮಾನ ಆಗಿಯೇ ಆಗುತ್ತದೆ. ಅದರ ಮೇಲಿನ ಜಗಳ ಬೇರೆಯೇ ಇದೆ. ಗುತ್ತಿಗೆದಾರನು ಬರುವ ಮೊದಲು ಎರಡು ಭಾನುವಾರಗಳನ್ನು ಆ ಹುಡುಗನಿಗೆ, ಆ ಹುಡುಗಿಗೆ ಕೊಡಿ. ಗಂಟೆಗೋಪುರದ ಬೀಗದ ಕೈ ಕೊಡಿ. ಊರಿನ ಹಿರಿಯರೊಬ್ಬರು ಜೊತೆಗೆ ನಡೆದು, ಯಾವ ಶಿಲುಬೆಯನ್ನು ಯಾವ ಮಾರಿಬೇನೆಯ ವರ್ಷದಲ್ಲಿ ನೆಟ್ಟರು, ಯಾವ ಬಡಗಿ ಯಾವ ಬೆಂಚು ಮಾಡಿದ ಎಂದು ಹೇಳಲಿ, ಅವರು ಬರೆದುಕೊಳ್ಳಲಿ. ತೆಗೆದುದರಲ್ಲಿ ನಲವತ್ತನ್ನು ಕಾಗದದ ಮೇಲೆ ಅಚ್ಚುಹಾಕಿಸಿ, ಜ್ಞಾನಸ್ನಾನದ ದಾಖಲೆಪುಸ್ತಕಗಳಿರುವ ಬೀರುವಿನಲ್ಲೇ ಇಡಿ. ಹಣ ಸಾಲದಿದ್ದರೆ ಮುಂದಿನ ಹಬ್ಬಕ್ಕೆ ಶಾಲುಗಳನ್ನು ಕಡಿಮೆ ಕೊಳ್ಳಿರಿ.