ಕ್ರೋಟನ್ ಒಂದು ತಿಂಗಳ ಅಲಂಕಾರವಲ್ಲ

ಸೆಪ್ಟೆಂಬರ್ ಮುಗಿಯುತ್ತಿದ್ದಂತೆ ಅಮೆರಿಕದ ಅಂಗಡಿಗಳ ಮುಂದೆ ಕುಂಬಳಕಾಯಿ ರಾಶಿ ಬೀಳುತ್ತದೆ. ಅದರ ಮಗ್ಗುಲಲ್ಲೇ ಸಾಲಾಗಿ ಕ್ರೋಟನ್ ಕುಂಡಗಳು. ಹಳದಿ, ಕಿತ್ತಳೆ, ಕಡುಗೆಂಪು ಎಲೆಗಳು ಎಲೆ ಉದುರುವ ಕಾಲಕ್ಕೆ ಒಪ್ಪುತ್ತವೆಂದು ಜನ ಹ್ಯಾಲೋವೀನ್‌ಗೆ, ಥ್ಯಾಂಕ್ಸ್‌ಗಿವಿಂಗ್‌ಗೆ ಕೊಂಡೊಯ್ದು ಮೆಟ್ಟಿಲ ಮೇಲಿಡುತ್ತಾರೆ. ಡಿಸೆಂಬರ್ ಹೊತ್ತಿಗೆ ಅರ್ಧ ಎಲೆ ಕಳೆದುಕೊಂಡ ಅವೇ ಗಿಡಗಳು ಕಸದ ಡಬ್ಬಿ ಸೇರುತ್ತವೆ. ನಾನಿರುವ ಸ್ಯಾನ್ ಡಿಯಾಗೊದಲ್ಲಿ ಇದನ್ನು ಪ್ರತಿವರ್ಷ ನೋಡುತ್ತೇನೆ, ಪ್ರತಿವರ್ಷವೂ ಸಂಕಟವಾಗುತ್ತದೆ. ನಮ್ಮವರ ಮನೆಗಳೂ ಇದಕ್ಕೆ ಹೊರತಲ್ಲ. ಅದಕ್ಕೇ ಇಷ್ಟನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕುಂದಾಪುರದ ಕಡೆ ಕ್ರೋಟನ್ ಎಂದರೆ ಪಾಗಾರದ ಬುಡದ ಗಿಡ. ಮೊದಲ ಮಳೆ ಬಿದ್ದ ಮೇಲೆ ಯಾರದೋ ಮನೆಯ ಗೆಲ್ಲು ಮುರಿದು ತಂದು ಮಣ್ಣಿಗೆ ಚುಚ್ಚಿದರೆ ಮುಗಿಯಿತು, ಆಮೇಲೆ ಅದರ ಕಡೆ ತಿರುಗಿ ನೋಡುವವರಿಲ್ಲ. ನನ್ನ ಅಮ್ಮ ಇಲ್ಲಿಗೆ ಬಂದಾಗ ಅಂಗಡಿಯಲ್ಲಿ ಬೆಲೆಚೀಟಿ ನೋಡಿ ಕೇಳಿದ್ದರು: "ಹೆಣೇ, ಕ್ರೋಟನ್ನಿಗೂ ದುಡ್ಡ್ ಕೊಡ್ಕಾ?" ಅವರ ಆಶ್ಚರ್ಯ ಸಹಜವೇ. ಊರಿನಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಇಲ್ಲಿ ಕಡಲು ಅಷ್ಟೇ ಹತ್ತಿರವಿದ್ದರೂ ಮಳೆ 250 ಮಿಲಿಮೀಟರ್ ಆಸುಪಾಸು, ಅದೂ ಬಹುಪಾಲು ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಹನಿ ಬೀಳುವುದೇ ಅಪರೂಪ.

ಈ ಗಿಡದ ತವರು ಇಂಡೊನೇಷ್ಯಾ, ಮಲೇಷ್ಯಾ, ಪೆಸಿಫಿಕ್ ಸಾಗರದ ಪಶ್ಚಿಮದ ದ್ವೀಪಗಳು. ಮಲುಕು ದ್ವೀಪಗಳ ಅಂಬೋನ್‌ನಲ್ಲಿ ಬಾಳಿ 1702ರಲ್ಲಿ ತೀರಿಕೊಂಡ ರುಂಫಿಯಸ್ ಎಂಬ ಸಸ್ಯಜ್ಞ ಇದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಹಸಿಗಾಳಿ, ಬೆಚ್ಚನೆಯ ರಾತ್ರಿ ಇದರ ಹುಟ್ಟುಗುಣ. ಅಂಥದ್ದನ್ನು ನಾವು ಅಕ್ಟೋಬರಿನಲ್ಲಿ ಹಸಿರುಮನೆಯಿಂದ ನೇರವಾಗಿ ತಂದು ಹೊರಗಿಡುತ್ತೇವೆ. ಅದೇ ಹೊತ್ತಿಗೆ ಪೂರ್ವದ ಮರುಭೂಮಿಯಿಂದ ಸಾಂಟಾ ಆನಾ ಗಾಳಿ ಬೀಸಲು ಶುರು. ತುಟಿ ಒಡೆಯುತ್ತದೆ, ಒಗೆದ ಬಟ್ಟೆ ನೋಡನೋಡುತ್ತ ಒಣಗುತ್ತದೆ, ಗಾಳಿಯ ತೇವಾಂಶ ಕೆಲವು ದಿನ ಶೇಕಡ 10ಕ್ಕಿಂತ ಕೆಳಗಿಳಿಯುತ್ತದೆ. ಅದು ಮುಗಿಯುವಷ್ಟರಲ್ಲಿ ರಾತ್ರಿಯ ಉಷ್ಣತೆ 9–10 ಡಿಗ್ರಿಗೆ ಬಂದಿರುತ್ತದೆ. ಎಲೆ ಉದುರಿತೆಂದು ಜನ ಗಾಬರಿಯಾಗಿ ಇನ್ನಷ್ಟು ನೀರು ಹೊಯ್ಯುತ್ತಾರೆ. ಚಳಿಗೆ ಮರಗಟ್ಟಿದ ಬೇರು ಆ ನೀರನ್ನು ಕುಡಿಯುವುದಿಲ್ಲ, ಕೊಳೆಯುತ್ತದೆ. ಆಮೇಲೆ "ಈ ಊರಿಗೆ ಕ್ರೋಟನ್ ಆಗಿಬರುವುದಿಲ್ಲ" ಎಂಬ ತೀರ್ಪು.

ಆಗಿಬರುತ್ತದೆ. ನಮ್ಮ ಮನೆಯ ಹೊರಗೆ ಚೆನ್ನಾಗಿಯೇ ಇದೆ. ತರುವ ಕಾಲ ಬದಲಾಗಬೇಕು, ಇಡುವ ಜಾಗ ಸರಿಯಿರಬೇಕು, ಅಷ್ಟೇ.

ಇಲ್ಲಿ ಮೇ, ಜೂನ್ ತಿಂಗಳಲ್ಲಿ ಬೆಳಗಿನ ಹೊತ್ತು ಕಡಲ ಮೋಡ ಕವಿದಿರುತ್ತದೆ. ಪ್ರವಾಸಿಗರು ಅದನ್ನು ಬೈದುಕೊಳ್ಳುತ್ತಾರೆ. ಹಸಿರುಮನೆಯಲ್ಲಿ ಬೆಳೆದ ಗಿಡಕ್ಕೆ ಮಾತ್ರ ಬಿಸಿಲು ರೂಢಿಯಾಗಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಆಗ ತಂದರೆ ಮಣ್ಣೂ ಬೆಚ್ಚಗಿರುತ್ತದೆ, ಚಳಿ ಬರುವ ಮುನ್ನ ಬೇರು ಇಳಿಯಲು ಐದಾರು ತಿಂಗಳು ಸಿಗುತ್ತದೆ. ನಮ್ಮ ಮನೆಯಲ್ಲಿ ಕುಂಡಗಳಿರುವುದು ಪಶ್ಚಿಮದ ಗೋಡೆಗೆ ಒತ್ತಿ, ಮಾಡಿನ ಅಂಚಿನ ಕೆಳಗೆ. ಪೂರ್ವದ ಒಣಗಾಳಿಗೆ ಇಡೀ ಮನೆಯೇ ಅಡ್ಡ. ಹಗಲೆಲ್ಲ ಕಾದ ಗೋಡೆ ರಾತ್ರಿ ಆ ಬಿಸಿಯನ್ನು ಸ್ವಲ್ಪಸ್ವಲ್ಪವೇ ಬಿಡುತ್ತದೆ, ಚಳಿಗಾಲದಲ್ಲಿ ಆ ಒಂದೆರಡು ಡಿಗ್ರಿಯೇ ಗಿಡವನ್ನು ಉಳಿಸುವುದು. ಹಾಗೆಂದು ಪೂರ್ತಿ ನೆರಳಿಗೆ ತಳ್ಳಿದರೆ ಬಣ್ಣ ಹೋಗಿ ಬರೀ ಹಸಿರಾಗುತ್ತದೆ. ಬೆಳಕಿದ್ದರೆ ಬಣ್ಣ.

ಬಾಲ್ಬೋವಾ ಪಾರ್ಕಿಗೆ ಹೋದವರು ಅಲ್ಲಿನ ಬೊಟಾನಿಕಲ್ ಬಿಲ್ಡಿಂಗನ್ನು ನೋಡಿಯೇ ಇರುತ್ತೀರಿ. 1915ರ ಪ್ರದರ್ಶನಕ್ಕೆಂದು ಕಟ್ಟಿದ್ದು. ಅದರ ಮೈಯೆಲ್ಲ ಗಾಜಲ್ಲ, ಮರದ ಪಟ್ಟಿ. ನಮ್ಮ ಅಂಗಳದ ಅಡಕೆ ದಬ್ಬೆಯ ಚಪ್ಪರದ ಹಾಗೆ ಬಿಸಿಲನ್ನು ಸೀಳಿ ಒಳಗೆ ಬಿಡುತ್ತದೆ, ಗಾಳಿಯ ರಭಸ ಮುರಿಯುತ್ತದೆ. ಉಷ್ಣವಲಯದ ಗಿಡಗಳನ್ನು ಈ ಒಣ ಕರಾವಳಿಯಲ್ಲಿ ಸಾಕುವುದು ಹೇಗೆಂದು ಈ ಊರು ನೂರು ವರ್ಷಗಳ ಹಿಂದೆಯೇ ಕಂಡುಕೊಂಡಿದೆ. ನಾವು ಫೋಟೋ ತೆಗೆಸಿಕೊಂಡು ಬರುತ್ತೇವೆ, ಮನೆಯ ಜಗಲಿಗೆ ನಾಲ್ಕು ಪಟ್ಟಿ ಹೊಡೆಯುವುದಿಲ್ಲ.

ಇನ್ನು ನೀರಿನ ಮಾತು. ಇದು ಗಂಭೀರವಾದದ್ದು. ಸ್ಯಾನ್ ಡಿಯಾಗೊದ ನೀರಿನ ಬಹುಭಾಗ ದೂರದ ಕೊಲೊರಾಡೊ ನದಿಯಿಂದ ಬರುತ್ತದೆ. 2015ರ ಏಪ್ರಿಲ್‌ನಲ್ಲಿ ಬರಗಾಲದಿಂದಾಗಿ ರಾಜ್ಯದ ನಗರಗಳ ನೀರಿನ ಬಳಕೆಯಲ್ಲಿ ಶೇಕಡ 25 ಕಡಿತಕ್ಕೆ ಗವರ್ನರ್ ಜೆರ್ರಿ ಬ್ರೌನ್ ಆದೇಶಿಸಿದ್ದರು. ಅದೇ ಡಿಸೆಂಬರ್‌ನಲ್ಲಿ ಕಾರ್ಲ್ಸ್‌ಬ್ಯಾಡ್‌ನಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಶುರುವಾಯಿತು, ದಿನಕ್ಕೆ ಸುಮಾರು 19 ಕೋಟಿ ಲೀಟರ್ ಸಾಮರ್ಥ್ಯದ್ದು. ಇಂಥ ಕಡೆ ಕ್ರೋಟನ್ ಬೆಳೆಸುವುದೇ ತಪ್ಪು, ಇಲ್ಲಿನ ಗಿಡಗಳನ್ನಷ್ಟೇ ನೆಡಬೇಕು ಎನ್ನುವ ಗೆಳತಿಯರು ನನಗಿದ್ದಾರೆ. ಅವರ ಮಾತಿಗೆ ನಾನು ಮುಕ್ಕಾಲು ಪಾಲು ಒಪ್ಪುತ್ತೇನೆ. ನಮ್ಮ ಅಂಗಳದ ನೆಲವೆಲ್ಲ ಇಲ್ಲಿನದೇ ಸೇಜ್, ಟೊಯೋನ್ ಪೊದೆಗಳಿಗೆ. ಹುಲ್ಲುಹಾಸು ಕಿತ್ತು ಹಾಕಿದೆವು. ಕ್ರೋಟನ್ ಬೇಲಿಯನ್ನು ಈ ಊರಿನಲ್ಲಿ ಯಾರೂ ಬೆಳೆಸಬಾರದು ಎಂದೇ ನನ್ನ ಅಭಿಪ್ರಾಯ. ಆದರೆ ಗೋಡೆಯ ಬದಿಯ ಒಂದೆರಡು ಕುಂಡಕ್ಕೆ ಅಡುಗೆಮನೆಯ ನೀರೇ ಸಾಕು. ಅಕ್ಕಚ್ಚು, ತರಕಾರಿ ತೊಳೆದ ನೀರು ಮೋರಿಗೆ ಹೋಗುವ ಬದಲು ಗಿಡಕ್ಕೆ ಹೋಗುತ್ತದೆ. ಹುಲ್ಲುಹಾಸಿಗೆ ಪೈಪು ಬಿಟ್ಟವರು ಈ ಕುಂಡದ ಕಡೆ ಬೆರಳು ತೋರಿಸುವುದು ನ್ಯಾಯವಲ್ಲ.

ನಲ್ಲಿಯ ನೀರಿನಲ್ಲಿ ಉಪ್ಪಿನಂಶ ಜಾಸ್ತಿ. ಕುಂಡದ ಅಂಚಿನಲ್ಲಿ ಬಿಳಿ ಪದರ ಕಟ್ಟಿದರೆ, ಎಲೆಯ ತುದಿ ಕಂದಾದರೆ ಅದೇ ಕಾರಣ. ಆಗಾಗ ತಳದ ತೂತಿನಿಂದ ಹರಿದು ಹೋಗುವಷ್ಟು ನೀರು ಕೊಟ್ಟು ಆ ಉಪ್ಪನ್ನು ತೊಳೆಯಬೇಕು. ಚಳಿಗಾಲದ ಮಳೆನೀರು ಬಕೆಟ್ಟಿನಲ್ಲಿ ಹಿಡಿದಿಟ್ಟರೆ ಇನ್ನೂ ಒಳ್ಳೆಯದು. ಗಾಳಿ ಒಣಗಿದ ದಿನಗಳಲ್ಲಿ ಎಲೆಯನ್ನು ಮಗುಚಿ ನೋಡಿ. ನರದ ಪಕ್ಕ ಮೆಣಸಿನ ಪುಡಿ ಉದುರಿದಂಥ ಚುಕ್ಕೆ, ಕಣ್ಣಿಗೆ ಕಂಡೂ ಕಾಣದಂಥ ಬಲೆ ಇದ್ದರೆ ಅದು ಜೇಡನುಸಿ. ಔಷಧಿ ಬೇಕಿಲ್ಲ, ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆಯನ್ನು ಎರಡೂ ಬದಿ ಒರೆಸಿದರೆ ಹಿಡಿತಕ್ಕೆ ಬರುತ್ತದೆ. ಒರೆಸುವಾಗಲೇ ಎಲೆಯ ಬದುಕು ಕಾಣುವುದು. ತುದಿಯ ಚಿಗುರು ತಿಳಿಹಸಿರು, ನರ ಮಾತ್ರ ಹಳದಿ. ಕೆಳಗಿನ ಎಲೆಯಲ್ಲಿ ಆ ಹಳದಿ ಕಿತ್ತಳೆಗೆ ತಿರುಗಿರುತ್ತದೆ. ಅದಕ್ಕೂ ಕೆಳಗಿನದರಲ್ಲಿ ಕೆಂಪು ನರದಿಂದ ಹೊರಟು ಅಂಚಿನವರೆಗೆ ಹರಡಿ, ಹಸಿರು ಕಪ್ಪಿಗೆ ಹತ್ತಿರವಾಗಿರುತ್ತದೆ. ಅಂಗಡಿಯಿಂದ ತಂದು ತಿಂಗಳಿಗೆ ಎಸೆಯುವವರಿಗೆ ಇದು ಯಾವತ್ತೂ ಕಾಣುವುದಿಲ್ಲ.

ಊರಿನಿಂದ ಬರುವ ಹಿರಿಯರಲ್ಲಿ ಒಂದು ವಿನಂತಿ. ಸೂಟ್‌ಕೇಸಿನಲ್ಲಿ ಗೆಲ್ಲು ಅಡಗಿಸಿ ತರಬೇಡಿ. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ನೆಡುವ ಗಿಡ ತರುವುದಕ್ಕೆ ಇಲ್ಲಿ ಅನುಮತಿಯಿಲ್ಲ. ಆ ಕಾನೂನು ಸರಿಯಾದದ್ದೇ, ಕಣ್ಣಿಗೆ ಕಾಣದ ರೋಗ ಗೆಲ್ಲಿನ ಜೊತೆ ಬರುತ್ತದೆ. ಇಲ್ಲಿನ ಗೆಳೆಯರಲ್ಲಿ ಕೇಳಿ. ಜುಲೈ ಹೊತ್ತಿಗೆ ಒಂದು ಗೇಣು ಗೆಲ್ಲು ಕತ್ತರಿಸಿ, ಸೋರುವ ಹಾಲು ಕೈಗೆ ತಾಗದಂತೆ ಒರೆಸಿ, ಕೆಳಗಿನ ಎಲೆ ತೆಗೆದು, ಒದ್ದೆ ಮರಳಿನಲ್ಲಿ ಊರಿ, ಮೇಲೆ ಪ್ಲಾಸ್ಟಿಕ್ ಕವಚಿಟ್ಟರೆ ಬೇಸಿಗೆ ಮುಗಿಯುವ ಮೊದಲೇ ಬೇರು ಬಿಡುತ್ತದೆ. ಪುಟ್ಟ ಮಕ್ಕಳು, ನಾಯಿ, ಬೆಕ್ಕು ಎಲೆ ಜಗಿಯದಂತೆ ನೋಡಿಕೊಳ್ಳಿ, ಹೊಟ್ಟೆಗೆ ಒಳ್ಳೆಯದಲ್ಲ. ಇಷ್ಟು ಮಾಡಲು ಮನಸ್ಸಿಲ್ಲದಿದ್ದರೆ ದಯವಿಟ್ಟು ಕ್ರೋಟನ್ ಕೊಳ್ಳಬೇಡಿ. ಹಬ್ಬದ ಬಾಗಿಲಿಗೆ ಬಣ್ಣ ಬೇಕಿದ್ದರೆ ರಂಗೋಲಿ ಹಾಕಿ.